ಮನೆಗೆ ಯಾರು ಉಳೀತಾರೆ?

ನಮ್ಮ ಮನೆಯಲ್ಲಿ ಮದುವೆ ಕಾಗದ ಬಂದರೂ, ಯಾವುದೋ ದೇವಸ್ಥಾನಕ್ಕೆ ಹೋಗಿ ಬರೋಣ ಅಂತ ಮಾತೆದ್ದರೂ, ಮೊದಲು ಬರುತ್ತಿದ್ದ ಪ್ರಶ್ನೆ ಬಸ್ಸಿನದ್ದೂ ಅಲ್ಲ, ದುಡ್ಡಿನದ್ದೂ ಅಲ್ಲ. “ಮನೆಗೆ ಯಾರು ಉಳೀತಾರೆ?” ಅನ್ನೋದು.

ಸಾಗರದ ಕಡೆಯ ಹಳ್ಳಿ ನಮ್ಮದು. ಒಂಟಿ ಮನೆ, ಮುಂದೆ ತೋಟ, ಹಿಂದೆ ಗುಡ್ಡ. ಕೊಟ್ಟಿಗೆಯಲ್ಲಿ ನಾಲ್ಕೈದು ಜಾನುವಾರು. ಎರಡು ಹೊತ್ತು ಹಾಲು ಕರೆಯಬೇಕು, ಸಗಣಿ ಬಾಚಬೇಕು. ಅಂಗಳದಲ್ಲಿ ಅಡಿಕೆ ಹರವಿದ್ದರೆ ಮೋಡ ಕಂಡ ಕೂಡಲೇ ಒಳಗೆ ತರಬೇಕು. ತೋಟಕ್ಕೆ ಮಂಗ ಇಳಿದರೆ ಕೂಗಿ ಓಡಿಸಬೇಕು. ಇಂಥ ಮನೆಗೆ ಬೀಗ ಹಾಕಿ ಎಲ್ಲರೂ ಹೊರಟುಬಿಡೋದು ಅಂತ ಇರಲೇ ಇಲ್ಲ. ಹೊರಗಡೆಯಿಂದ ಹಾಕುವ ಬೀಗವೇ ನಮ್ಮ ಮನೆಯಲ್ಲಿ ಇರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ.

ಪ್ರಶ್ನೆ ಬರುತ್ತಿತ್ತು ಅಂದೆನಲ್ಲ, ಉತ್ತರವೂ ತಯಾರೇ ಇರುತ್ತಿತ್ತು. ಚಿಕ್ಕಜ್ಜ. ಅಜ್ಜನ ತಮ್ಮ. ಮದುವೆ ಆಗಿರಲಿಲ್ಲ. “ನೀವೆಲ್ಲ ಹೋಗ್ಬನ್ನಿ, ನಾನಿರ್ತೆ” ಅಂತ ಕವಳ ಹಾಕುತ್ತಾ ಹೇಳಿಬಿಡುತ್ತಿದ್ದ. ಅತ್ತೆಯಂದಿರ ಮದುವೆ, ಧರ್ಮಸ್ಥಳ, ಸಿಗಂದೂರು, ಶಿರಸಿ ಜಾತ್ರೆ, ಎಲ್ಲದಕ್ಕೂ ನಾವು ಹೋದೆವು, ಅವನು ಉಳಿದ. ನಮ್ಮೂರಿಂದ ಜೋಗಕ್ಕೆ ಮೂವತ್ತು ಕಿಲೋಮೀಟರ್. ಲೋಕದವರೆಲ್ಲ ಬಂದು ನೋಡಿಕೊಂಡು ಹೋಗುವ ಜೋಗವನ್ನು ಚಿಕ್ಕಜ್ಜ ನೋಡಿರಲಿಲ್ಲ. ಒಮ್ಮೆ ಕೇಳಿದ್ದೆ. “ಜೋಗ ಎಂತ ಓಡಿ ಹೋಗ್ತದಾ? ಅಲ್ಲೇ ಇರ್ತದೆ. ಹಸು ಕಾಯ್ಬೇಕಲ್ಲ ಮಾರಾಯಾ” ಅಂದಿದ್ದ. 2009ರಲ್ಲಿ, ನಾನು ಬಿಇ ಮೂರನೇ ವರ್ಷದಲ್ಲಿದ್ದಾಗ, ಅವನೇ ಹೋಗಿಬಿಟ್ಟ. ಜೋಗ ಅಲ್ಲೇ ಇತ್ತು.

ಅವನ ನಂತರ ಆ ಕೆಲಸ, ಯಾರೂ ಹೇಳದೆ ಯಾರೂ ಕೇಳದೆ, ಅಮ್ಮನ ಪಾಲಿಗೆ ಬಂತು. ಅಪ್ಪ ಹೋದರೆ ಅಮ್ಮ ಉಳೀತಾಳೆ. ಎಲ್ಲೋ ಅಪರೂಪಕ್ಕೆ ಅಮ್ಮ ತವರಿಗೆ ಹೋದರೆ ಅಪ್ಪ ಉಳೀತಾನೆ. ನನ್ನ ಕಾಲೇಜಿನ ಪದವಿ ಪ್ರದಾನಕ್ಕೂ ಒಬ್ಬನೇ ಬಂದಿದ್ದ ಅಪ್ಪ. ಫೋಟೋದಲ್ಲಿ ನಾವಿಬ್ಬರೇ ಇದ್ದೇವೆ. ಆಗ ಅದು ನನಗೆ ವಿಶೇಷ ಅನ್ನಿಸಿರಲೂ ಇಲ್ಲ.

ಇದೆಲ್ಲ ನೆನಪಾಗಿದ್ದು ಇಂಗ್ಲೆಂಡಿನಲ್ಲಿ.

2023ರಲ್ಲಿ ಕಂಪನಿ ನನ್ನನ್ನು ಲೀಡ್ಸ್‌ಗೆ ಕಳಿಸಿತ್ತು. ಶನಿವಾರ ಭಾನುವಾರ ಸುತ್ತಾಡಬೇಕು ಅಂತ ಆಸೆ, ಹೋಟೆಲ್ ಬಾಡಿಗೆ ನೋಡಿದರೆ ಎದೆ ಧಸಕ್. ಎಷ್ಟೇ ಸಂಬಳ ಬರಲಿ, ಹಳ್ಳಿಯಿಂದ ಬಂದವನಿಗೆ ಪೌಂಡನ್ನು ರೂಪಾಯಿಗೆ ಗುಣಿಸೋ ಚಟ ಹೋಗಲ್ಲ. ಆಗ ಆಫೀಸಿನ ಒಬ್ಬರು ಹೌಸ್ ಸಿಟ್ಟಿಂಗ್ ಬಗ್ಗೆ ಹೇಳಿದರು. ಮನೆಯವರು ರಜೆಗೆ ಹೋಗ್ತಾರೆ. ನೀವು ಅವರ ಮನೆಯಲ್ಲಿದ್ದು ನಾಯಿ, ಬೆಕ್ಕು, ಗಿಡ ನೋಡಿಕೊಳ್ಳಬೇಕು. ನೀವು ಬಾಡಿಗೆ ಕೊಡಲ್ಲ, ಅವರು ಸಂಬಳ ಕೊಡಲ್ಲ. ಇಂಥ ಮನೆಯವರನ್ನೂ ಉಳಿಯುವವರನ್ನೂ ಸೇರಿಸುವ ಜಾಲತಾಣಗಳಿವೆ. ಅವುಗಳಲ್ಲಿ ತುಂಬ ಹೆಸರಾದ ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್ 2010ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಶುರುವಾದದ್ದು. ಆಗ ವರ್ಷದ ಸದಸ್ಯತ್ವ ಶುಲ್ಕ ಕಟ್ಟಿದರೆ ಸಾಕಿತ್ತು. ಕೇಳಿದ ಕೂಡಲೇ ನನಗೆ ನಗು ಬಂತು. ಅಯ್ಯೋ, ಇದು ನಮ್ಮ ಚಿಕ್ಕಜ್ಜನ ಕೆಲಸ!

ಆದರೆ ಒಂದು ಕಡೆ ತಿರುಗಾಮುರುಗಾ. ನಮ್ಮಲ್ಲಿ ಮನೆ ಕಾಯುವವನು ಊರು ಬಿಡದವನು. ಇಲ್ಲಿ ಮನೆ ಕಾಯುವವನೇ ಪ್ರವಾಸಿ.

ಶುರು ಮಾಡೋದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಅಪರಿಚಿತನ ಕೈಗೆ ಮನೆ ಕೀಲಿ ಕೊಡುವವರು ಮೊದಲು ನೋಡೋದು ಹಿಂದಿನ ಮನೆಯವರು ಬರೆದ ರಿವ್ಯೂ. ರಿವ್ಯೂ ಬೇಕಾದರೆ ಮನೆ ಸಿಗಬೇಕು, ಮನೆ ಸಿಗಬೇಕಾದರೆ ರಿವ್ಯೂ ಬೇಕು. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ ಅಂತ ಕ್ಯಾಂಪಸ್ಸಿನಿಂದ ಹೊರಬಿದ್ದ ವರ್ಷ ಅತ್ತಿದ್ದೆನಲ್ಲ, ಅದೇ ಕಥೆ. ನನ್ನ ಪ್ರೊಫೈಲನ್ನೂ ನಾನು ರೆಸ್ಯೂಮೆ ಥರವೇ ಬರೆದಿದ್ದೆ. ಇಷ್ಟು ವರ್ಷದ ಅನುಭವ, ಜವಾಬ್ದಾರಿಯುತ, ಸಿಗರೇಟು ಸೇದಲ್ಲ. ಒಂಬತ್ತು ಮನೆಗೆ ಅರ್ಜಿ ಹಾಕಿದೆ. ಒಂಬತ್ತೂ ಇಲ್ಲ. ನನ್ನ ಹೆಸರು, ನನ್ನ ಮುಖ ನೋಡಿ ಬೇಡ ಅಂದರಾ ಅಂತ ಒಂದೆರಡು ರಾತ್ರಿ ಯೋಚನೆಯೂ ಬಂತು. ಇದ್ದರೂ ಇರಬಹುದು. ಅದನ್ನು ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಹೊಸಬರಿಗೆ ನಾನು ಹೇಳೋದು ಇಷ್ಟು. ಮೊದಲು ಗೊತ್ತಿದ್ದವರ ಮನೆಯಿಂದ ಶುರು ಮಾಡಿ. ನಾನು ಸಹೋದ್ಯೋಗಿಯ ನಾಯಿಯನ್ನು ಎರಡು ದಿನ ನೋಡಿಕೊಂಡು ಅವರಿಂದ ಒಂದು ಪತ್ರ ಬರೆಸಿಕೊಂಡೆ, ಮನೆ ಮಾಲೀಕರಿಂದ ಇನ್ನೊಂದು. ಲಂಡನ್, ಪ್ಯಾರಿಸ್ ಅಂತ ಹಾರಬೇಡಿ, ಅಲ್ಲಿಗೆ ಅರ್ಜಿ ಹಾಕುವವರ ಸಾಲು ಉದ್ದ. ಸಣ್ಣ ಊರು, ಸೀಸನ್ ಅಲ್ಲದ ತಿಂಗಳು, ನೀವಿರುವ ಕಡೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ವಿಡಿಯೊ ಕಾಲ್‌ನಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಅವರನ್ನು ಕೇಳಿ. ಪ್ರಾಣಿಗೆ ಕಾಯಿಲೆ ಏನು, ಡಾಕ್ಟರ್ ನಂಬರ್ ಯಾವುದು, ಎಷ್ಟು ಹೊತ್ತು ಒಂಟಿ ಬಿಡಬಹುದು, ಇನ್ನೊಂದು ಕೀಲಿ ಯಾರ ಹತ್ತಿರ ಇದೆ. ಆದರೆ ಹಿಂದಿನ ಸಂಜೆಯೇ ಹೋಗಿ, ಮನೆಯವರ ಎದುರಿಗೇ ಒಂದು ಸಲ ಎಲ್ಲ ಮಾಡಿ ನೋಡಿ.

ವೀಸಾ ವಿಷಯ ಹಗುರವಾಗಿ ತಗೋಬೇಡಿ. 2022ರಲ್ಲಿ ಆಸ್ಟ್ರೇಲಿಯಾದ ಹೆಣ್ಣುಮಗಳೊಬ್ಬಳನ್ನು ಅಮೆರಿಕದ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲೇ ತಡೆದು ವಾಪಸ್ ಕಳಿಸಿದರು. ಅವಳು ಹೊರಟಿದ್ದದ್ದು ಅಮೆರಿಕದ ಮೂಲಕ ಕೆನಡಾಕ್ಕೆ, ಬೆಕ್ಕು ನೋಡಿಕೊಳ್ಳಲು. ಹಿಂದೆ ಅಮೆರಿಕದಲ್ಲೂ ಹಾಗೆ ಉಳಿದಿದ್ದಳು. ದುಡ್ಡು ಬರದಿದ್ದರೂ ಇರಲು ಜಾಗ ಸಿಕ್ಕಿತಲ್ಲ, ಅದೂ ಕೂಲಿಯೇ ಅನ್ನೋದು ಅಧಿಕಾರಿಗಳ ಲೆಕ್ಕ. ನಾನು ನಮ್ಮ ಕಂಪನಿಯಲ್ಲಿ ವೀಸಾ ನೋಡಿಕೊಳ್ಳುವವರನ್ನು ಕೇಳಿಕೊಂಡೇ ಮುಂದುವರಿದೆ.

ಹತ್ತನೇ ಅರ್ಜಿಗೆ ಮುಂಚೆ ಪ್ರೊಫೈಲ್ ಅಳಿಸಿ ಹೊಸದಾಗಿ ಬರೆದೆ. ಹಸುಗಳ ಜೊತೆ ಬೆಳೆದವನು, ಕರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸೋದು ಹತ್ತನೇ ವಯಸ್ಸಿಗೇ ಗೊತ್ತಿತ್ತು, ಊರಲ್ಲಿ ನಮ್ಮನ್ನು ಎಲ್ಲ ಕಡೆ ಕಳಿಸಿ ಮನೆ ಕಾಯುತ್ತಿದ್ದ ಒಬ್ಬ ಅಜ್ಜ ಇದ್ದ ಅಂತ. ಮರುದಿನವೇ ಕರೆ ಬಂತು. ಪಿಕರಿಂಗ್ ಎನ್ನುವ ಸಣ್ಣ ಪೇಟೆ, ಉತ್ತರ ಯಾರ್ಕ್‌ಷೈರಿನದ್ದು. ನಿವೃತ್ತ ಟೀಚರ್, ಒಬ್ಬರೇ ಇರುವವರು. ಮಗಳ ಮನೆಗೆ ಹತ್ತು ದಿನ ಹೋಗಬೇಕು. ಮನೆಯಲ್ಲಿ ಹದಿನಾರು ವರ್ಷದ ಬೆಕ್ಕು. ಅದಕ್ಕೆ ಥೈರಾಯ್ಡ್. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಏಳಕ್ಕೆ ಒಂದು ಮಾತ್ರೆ. ಮಾತ್ರೆ ಅಂದರೆ ಓಡುತ್ತೆ. “ಕರುವಿಗೆ ಕೊಟ್ಟವರು ಬೆಕ್ಕಿಗೂ ಕೊಟ್ಟೀರಿ” ಅಂದರು.

ಚಿಕ್ಕಜ್ಜನ ಹೆಸರು ಹೇಳಿ ನನಗೆ ಮನೆ ಸಿಕ್ಕಿತು. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತೆ.

ನವೆಂಬರ್ ಮೊದಲ ವಾರ. ಊರಲ್ಲಿ ದೀಪಾವಳಿಗೆ ತಯಾರಿ ನಡೆದಿತ್ತು. ಮೊದಲ ನಾಲ್ಕು ದಿನ ರಜೆ ಹಾಕದೆ ಅವರ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದೆ. ಬೆಕ್ಕು ತೊಡೆ ಮೇಲೆ. ಮಾತ್ರೆಯನ್ನು ಮೀನಿನ ತುಂಡಿನಲ್ಲಿ ಅಡಗಿಸಿದರೆ ಮೀನು ತಿಂದು ಮಾತ್ರೆ ಉಗುಳುತ್ತಿತ್ತು. ಕೊನೆಗೆ ಗೊಟ್ಟದ ವಿದ್ಯೆಯೇ ಕೈಹಿಡಿಯಿತು. ಹಿಂದಿನಿಂದ ಹಿಡಿದು, ಗದ್ದ ಎತ್ತಿ, ಗಂಟಲು ಸವರಿ. ಪ್ರತಿ ರಾತ್ರಿ ಆಕೆಗೊಂದು ಫೋಟೋ, “ಎಲ್ಲ ಚೆನ್ನಾಗಿದೆ” ಅಂತ ಒಂದು ಸಾಲು.

ಶನಿವಾರ ವಿಟ್ಬಿಗೆ ಹೊರಟೆ. ಕುರುಚಲು ಬಯಲು ದಾಟಿಕೊಂಡು ಬಸ್ಸಿನಲ್ಲಿ ಒಂದು ಗಂಟೆ ದಾರಿ, ದೂರ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ತಂದ ಊರು ಅದು. ಸಮುದ್ರ, ಬಂದರು, ನೂರಾ ತೊಂಬತ್ತೊಂಬತ್ತು ಮೆಟ್ಟಿಲು, ಮೇಲೆ ಪಾಳುಬಿದ್ದ ಮಠ. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮುಳುಗೋದನ್ನ ಮೇಲಿನಿಂದ ನೋಡೋಣ ಅಂತ ನಿಂತೆ. ಇಳಿದು ಬಂದರೆ ಬಸ್ ಇಲ್ಲ. ನಾನು ಫೋನಿನಲ್ಲಿ ಉಳಿಸಿಕೊಂಡಿದ್ದು ಬೇಸಿಗೆಯ ವೇಳಾಪಟ್ಟಿ. ತಪ್ಪು ಪೂರ್ತಿ ನನ್ನದೇ.

ಟ್ಯಾಕ್ಸಿ ಇತ್ತು. ಕೇಳಿದ ಬಾಡಿಗೆಯನ್ನು ರೂಪಾಯಿಗೆ ಗುಣಿಸಿದೆ. ಬಿಟ್ಟಿ ಉಳಿಯೋಕೆ ಬಂದು ಇಷ್ಟು ಕೊಡೋದಾ ಅನ್ನಿಸಿತು. ಇನ್ನೊಂದು ಬಸ್ ಬರಬಹುದು ಅಂತ ನನಗೆ ನಾನೇ ಹೇಳಿಕೊಂಡು ನಿಲ್ದಾಣದಲ್ಲಿ ಕೂತೆ. ಬರಲ್ಲ ಅಂತ ಬೋರ್ಡಿನಲ್ಲಿ ಬರೆದಿತ್ತು. ಹಾಗೆ ಕೂತದ್ದು ಎರಡು ಗಂಟೆಗೂ ಹೆಚ್ಚು. ಏಳು ಗಂಟೆ ಐದು ನಿಮಿಷಕ್ಕೆ ಆಕೆಯ ಮೆಸೇಜ್ ಬಂತು. ಹೇಗಿದ್ದಾನೆ, ಮಾತ್ರೆ ಆಯ್ತಾ?

ನಾನು ಬೆಳಿಗ್ಗೆ ತೆಗೆದ ಫೋಟೋ ಕಳಿಸಿದೆ. “ಆಯ್ತು, ಆರಾಮಾಗಿ ಮಲಗಿದ್ದಾನೆ” ಅಂತ ಬರೆದೆ.

ಬರೆದು ಮುಗಿದ ಮೇಲೆ ಕೈ ತಣ್ಣಗಾಯಿತು. ಆಗ ಟ್ಯಾಕ್ಸಿಗೆ ಫೋನ್ ಮಾಡಿದೆ. ಅದು ಬಂದು, ನಾನು ಮನೆ ಮುಟ್ಟಿದಾಗ ಒಂಬತ್ತು ಕಾಲು. ಕತ್ತಲೆಯಲ್ಲಿ ಬೆಕ್ಕು ಬಾಗಿಲ ಎದುರಿನ ಮೆಟ್ಟಿಲ ಮೇಲೆ ಕೂತಿತ್ತು. ಅವತ್ತು ಓಡಲಿಲ್ಲ. ಮಾತ್ರೆ ಕೊಟ್ಟೆ, ನುಂಗಿತು. ಏನೂ ಆಗಲಿಲ್ಲ.

ಇಲ್ಲಿಂದ ಮುಂದಿನದ್ದೇ ನಾನು ನಿಮ್ಮ ಹತ್ತಿರ ಮಾತಾಡಬೇಕು ಅಂತಿದ್ದದ್ದು. ಏನೂ ಆಗಲಿಲ್ಲ. ಡಬ್ಬಿಯಲ್ಲಿ ಮಾತ್ರೆ ಲೆಕ್ಕ ಸರಿಯಾಗೇ ಇತ್ತು. ಬೆಕ್ಕು ಹೇಳಲ್ಲ. ನನ್ನ ಉದ್ಯೋಗದಲ್ಲಿ ಪ್ರತಿಯೊಂದಕ್ಕೂ ಲಾಗ್ ಇರುತ್ತೆ, ಯಾರು ಎಷ್ಟು ಗಂಟೆಗೆ ಏನು ಮಾಡಿದರು ಅಂತ ಸೆಕೆಂಡ್ ಸಮೇತ ಹುಡುಕಿ ತೆಗೀಬಹುದು. ಆ ಮನೆಯಲ್ಲಿ ಲಾಗ್ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಯಾರಿಗೂ ಗೊತ್ತಾಗದ, ಯಾರಿಗೂ ನಷ್ಟವಾಗದ ಸುಳ್ಳನ್ನು ಒಪ್ಪಿಕೊಳ್ಳಬೇಕಾ? ಒಪ್ಪಿಕೊಂಡರೆ ಆಕೆಗೆ ಇನ್ನುಳಿದ ದಿನ ಆತಂಕ. ಒಪ್ಪದಿದ್ದರೆ ಎಲ್ಲರೂ ಸುಖ. ಲೆಕ್ಕ ಹಾಕಿದರೆ ಸುಮ್ಮನಿರೋದೇ ಸರಿ. ಇಂಥ ಲೆಕ್ಕ ರಾತ್ರಿ ಒಂದು ಗಂಟೆಗೆ ಬಲು ಚಂದ ಕೂಡಿ ಬರುತ್ತೆ.

ನಿದ್ದೆ ಬಾರದೆ ಮಲಗಿದ್ದಾಗ ಯಾಕೋ ಭರತ ನೆನಪಾದ. ನಮ್ಮ ಕಥೆಗಳಲ್ಲಿ ಅವನಿಗಿಂತ ದೊಡ್ಡ ಮನೆ ಕಾಯುವವನು ಇಲ್ಲ. ಹದಿನಾಲ್ಕು ವರ್ಷ ಅಣ್ಣನ ರಾಜ್ಯ ಕಾದ. ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ತಾನು ಅಯೋಧ್ಯೆಯ ಹೊರಗೆ, ನಂದಿಗ್ರಾಮದಲ್ಲಿ, ನಾರುಡುಗೆ ಉಟ್ಟುಕೊಂಡು ಇದ್ದ. ಅರಮನೆಯಲ್ಲೇ ಯಾಕೆ ಇರಲಿಲ್ಲ ಅಂತ ಚಿಕ್ಕವನಿದ್ದಾಗ ಅನ್ನಿಸುತ್ತಿತ್ತು, ಯಾರೂ ಬೇಡ ಅಂದಿರಲಿಲ್ಲವಲ್ಲ. ಆ ರಾತ್ರಿ ಸ್ವಲ್ಪ ಅರ್ಥ ಆಯಿತು. ಬೇರೆಯವರ ಮಂಚದ ಮೇಲೆ ಮಲಗಿ, ಅವರ ಬಟ್ಟಲಲ್ಲಿ ಚಹಾ ಕುಡಿದು, ಐದನೇ ದಿನಕ್ಕೆ ನಾನು ಅದನ್ನು ‘ಮನೆ’ ಅಂತಲೇ ಕರೆಯತೊಡಗಿದ್ದೆ. ‘ಅವರ ಮನೆ’ ಅನ್ನೋದು ಬಿದ್ದುಹೋಗಿತ್ತು. ಸೂರ್ಯಾಸ್ತ ನೋಡ್ತಾ ನಿಂತವನಿಗೆ ನೆನಪಿದ್ದದ್ದು ನನ್ನ ಪ್ರವಾಸ, ಅದಕ್ಕೆ ಜಾಗ ಕೊಟ್ಟ ಬೆಕ್ಕು ನೆನಪಿರಲಿಲ್ಲ. ಚಿಕ್ಕಜ್ಜನದ್ದು ಇದಕ್ಕೆ ಉಲ್ಟಾ. ಆಸ್ತಿಯಲ್ಲಿ ಅರ್ಧ ಪಾಲು ಅವನದ್ದೇ. ಆದರೂ ಬದುಕಿಡೀ ಕಾಯುವವನ ಹಾಗೇ ಇದ್ದ. ನಾನು ಹತ್ತು ದಿನದ ಕಾವಲುಗಾರ, ಐದೇ ದಿನಕ್ಕೆ ಯಜಮಾನ ಆಗಿಬಿಟ್ಟಿದ್ದೆ.

ಬೆಳಿಗ್ಗೆ ಏಳರ ಮಾತ್ರೆ ಕೊಟ್ಟು ಆಕೆಗೆ ಫೋನ್ ಮಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ, ಹಳೇ ಫೋಟೋ ವಿಷಯವನ್ನೂ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, “ಪಕ್ಕದ ಮನೆಯವರ ಹತ್ತಿರ ಕೀಲಿ ಇದೆ, ನಂಬರ್ ಬರೆದಿಟ್ಟಿದ್ದೆ. ಅವರಿಗೆ ಯಾಕೆ ಫೋನ್ ಮಾಡಲಿಲ್ಲ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು, ಹೇಳೋಕೆ ನಾಚಿಕೆ. ಫೋನ್ ಮಾಡಿದ್ದರೆ ನಾನು ತಡ ಮಾಡಿದ್ದು ಅವರಿಗೆ ಗೊತ್ತಾಗುತ್ತಿತ್ತು. ರಿವ್ಯೂಗೆ ಪೆಟ್ಟು ಬೀಳುತ್ತಿತ್ತು. ಬೆಕ್ಕಿಗೆ ಏಳು ಗಂಟೆಗೆ ಮಾತ್ರೆ ಸಿಗುವ ದಾರಿ ಒಂದು ಫೋನಿನಷ್ಟು ದೂರ ಇತ್ತು. ನಾನು ಬೆಕ್ಕನ್ನು ಬಿಟ್ಟು ನನ್ನ ಹೆಸರು ಕಾದೆ. ರಿವ್ಯೂ ವ್ಯವಸ್ಥೆ ಇರೋದು ಅಪರಿಚಿತರು ಒಬ್ಬರನ್ನೊಬ್ಬರು ನಂಬಲಿ ಅಂತ. ಅದೇ ರಿವ್ಯೂವಿನ ಭಯ ನನ್ನ ಕೈಯಲ್ಲಿ ಸುಳ್ಳು ಬರೆಸಿತು. ಇದು ಅದರ ತಪ್ಪು ಅಂತ ನಾನು ಹೇಳಲ್ಲ. ನಕ್ಷತ್ರ ಎಣಿಸುವವನು ಕಾಯಬೇಕಾದ್ದನ್ನು ಕಾಯೋದು ಮರೆತುಬಿಡಬಹುದು ಅನ್ನೋದು ಅವತ್ತು ಗೊತ್ತಾಯಿತು ಅಷ್ಟೇ. ಆಕೆ ರಿವ್ಯೂನಲ್ಲಿ ಇದ್ದದ್ದನ್ನೇ ಬರೆದರು. ಒಂದು ಸಂಜೆ ತಡ ಆಯಿತು, ತಾನಾಗಿಯೇ ಹೇಳಿದ, ಬೆಕ್ಕಿಗೆ ಅವನೆಂದರೆ ಇಷ್ಟ. ಮುಂದಿನ ಎರಡು ಮನೆಯವರು ಬೇಡ ಅಂದರು. ಮೂರನೆಯವರು ಹೂಂ ಅಂದರು.

ಆಮೇಲೆ ಬೆಂಗಳೂರಿಗೆ ವಾಪಸ್ ಬಂದೆ. ಈ ಕಥೆಯನ್ನೆಲ್ಲ ಕೇಳಿದ ಗೆಳೆಯನೊಬ್ಬ, “ಲೋ, ವಾಚ್‌ಮನ್ ಕೆಲಸ ಬಿಟ್ಟಿ ಮಾಡ್ಕೊಂಡು ಬಂದು ಪ್ರವಾಸ ಅಂತೀಯಲ್ಲೋ” ಅಂದ. ನಕ್ಕೆ. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಪಾಳಿಯ ಹುಡುಗ ಒಡಿಶಾದವನು. ದಿನಕ್ಕೆ ಹನ್ನೆರಡು ಗಂಟೆ ಕೂರುತ್ತಾನೆ. ಅವನೂ ಊರು ಬಿಟ್ಟು ದೂರ ಬಂದವನೇ, ಬೇರೆಯವರ ಮನೆ ಕಾಯುವವನೇ. ಅವನದ್ದನ್ನು ಯಾರೂ ಪ್ರವಾಸ ಅನ್ನಲ್ಲ. ನಾನು ಕಾದ ಮನೆಯ ಒಳಗೆ ಮಲಗಿದೆ, ಅವನು ಕಾಯುವ ಮನೆಗಳ ಒಳಗೆ ಹೇಗಿದೆ ಅಂತ ಅವನಿಗೆ ಗೊತ್ತಿಲ್ಲ. ನನಗೆ ಬೇಡ ಅನ್ನಿಸಿದ ದಿನ ಬಿಡಬಹುದಿತ್ತು, ಅವನಿಗೆ ಬಿಡೋಕಾಗಲ್ಲ. ಒಂದು ರಾತ್ರಿ ಕೇಳಿದೆ, ನಿಮ್ಮ ಮನೇಲಿ ಯಾರಿದ್ದಾರೆ ಅಂತ. “ಮಾ ಹೈ” ಅಂದ.

ಎಲ್ಲ ಕಡೆ ಯಾರೋ ಒಬ್ಬರು ಉಳಿದಿದ್ದಾರೆ. ಹಾಗಾಗಿಯೇ ಉಳಿದವರು ಹೊರಟಿದ್ದೇವೆ.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ದುಡ್ಡಿಲ್ಲ, ಆದರೆ ಬಿಟ್ಟಿಯೂ ಅಲ್ಲ. ಹೋದ ಆಳು ವಾಪಸ್ ಬರಬೇಕು, ಮುಯ್ಯಿ ತೀರಬೇಕು. ಹೌಸ್ ಸಿಟ್ಟಿಂಗನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೇ. ಕಾನೂನಿನವರಿಗೆ ಅದು ಕೂಲಿಯಂತೆ ಕಾಣಬಹುದು, ಗೆಳೆಯನಿಗೆ ಬಿಟ್ಟಿ ಚಾಕರಿ ಅನ್ನಿಸಬಹುದು, ನನಗೆ ಅದು ಗುರುತಿಲ್ಲದವರ ನಡುವಿನ ಮುಯ್ಯಿ. ಅದು ನ್ಯಾಯವಾಗಿ ಇರೋದು ಎರಡೂ ಕಡೆಯವರಿಗೆ ಹೋಗೋದೂ ಉಳಿಯೋದೂ ಸಿಕ್ಕಾಗ. ಆಕೆ ಮಗಳ ಮನೆಗೆ ಹೋದರು, ನಾನು ವಿಟ್ಬಿ ನೋಡಿದೆ. ಲೆಕ್ಕ ಸರಿ.

ಹಾಗಾದರೆ ಚಿಕ್ಕಜ್ಜನ ಲೆಕ್ಕ? ಅವನು ಉಳಿದ ದಿನಗಳಲ್ಲಿ ನಾವು ನೋಡಿದ ಊರುಗಳಿಗೆ ಯಾರು ಮುಯ್ಯಿ ತೀರಿಸಿದರು? ಯಾರೂ ಇಲ್ಲ. ಪ್ರೀತಿ ಅಂದುಕೊಂಡೆವು, ಅವನಿಗೆ ತಿರುಗಾಟ ಇಷ್ಟ ಇಲ್ಲ ಅಂದುಕೊಂಡೆವು. ಇಷ್ಟ ಇದೆಯಾ ಅಂತ ಕೇಳಿರಲಿಲ್ಲ. ನಾನೂ ‘ಜೋಗ ನೋಡಿದ್ಯಾ’ ಅಂತ ಕೇಳಿದ್ದೆನೇ ಹೊರತು ‘ನೀನು ಹೋಗಿ ಬಾ, ನಾನು ಹಸು ನೋಡ್ಕೋತೇನೆ’ ಅಂದಿರಲಿಲ್ಲ. ಮೇಲಾಗಿ ಅವನ ಹೆಸರು ಹೇಳಿಕೊಂಡು ಪಿಕರಿಂಗಿನಲ್ಲಿ ಮನೆಯನ್ನೂ ಗಿಟ್ಟಿಸಿದೆ.

ಹೋದ ಫೆಬ್ರವರಿಯಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. “ನಾನು ಮನೆಗೆ ಉಳೀತೇನೆ, ನೀವಿಬ್ಬರೂ ಎಲ್ಲಾದರೂ ಹೋಗಿ ಬನ್ನಿ” ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮ, “ನಿಂಗೆ ಹಾಲು ಕರೆಯೋಕೆ ಬರ್ತದಾ ಈಗ?” ಅಂದಳು. ಗುರುತು ಪರಿಚಯ ಇಲ್ಲದ ಟೀಚರಮ್ಮ ಹತ್ತು ದಿನಕ್ಕೆ ಕೀಲಿ ಕೊಟ್ಟಿದ್ದರು. ಹೆತ್ತ ತಾಯಿ ಕೊಟ್ಟಿಗೆಯಲ್ಲಿ ಎದುರಿಗೆ ಕೂರಿಸಿ ಎರಡು ದಿನ ಪರೀಕ್ಷೆ ಮಾಡಿದಳು. ಬೆಳ್ಳಿ ಅನ್ನೋ ಹಸು ಹೊಸಬರಿಗೆ ಒದೀತದೆ, ಮೊದಲು ಹಿಂಡಿ ಇಟ್ಟು ಆಮೇಲೆ ಕೂತ್ಕೋ. ಒಲೆ ಬೂದಿ ತೆಗೆಯೋದು ಮರೀಬೇಡ. ತುಳಸಿಗೆ ನೀರು. ಮೋಡ ಬಂದ್ರೆ ಅಡಿಕೆ. ನಾನು ಎಲ್ಲ ಬರೆದುಕೊಂಡೆ. “ಇದನ್ನೆಲ್ಲ ಬರ್ಕೊಳ್ತಾರಾ?” ಅಂತ ನಕ್ಕಳು.

ಮೂರು ದಿನಕ್ಕೆ ಹೊರಟರು. ಇಡಗುಂಜಿ, ಗೋಕರ್ಣ, ಮುರುಡೇಶ್ವರ. ಇಬ್ಬರೂ ಜೊತೆಗೆ, ರಾತ್ರಿ ಮನೆಯಲ್ಲಿ ಬೇರೆ ಒಬ್ಬನನ್ನು ಬಿಟ್ಟು ಹೋದದ್ದು ಹದಿನೈದು ವರ್ಷದಲ್ಲಿ ಅದೇ ಮೊದಲು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಕಿಟಕಿಯಿಂದ ಮನೆ ಕಡೆಗೇ ನೋಡುತ್ತಿದ್ದಳು. ಎರಡನೇ ಸಂಜೆ ಬೆಳ್ಳಿ ಒದ್ದು ಅರ್ಧ ಪಾತ್ರೆ ಹಾಲು ಚೆಲ್ಲಿತು. ರಾತ್ರಿ ಅಮ್ಮ ಗೋಕರ್ಣದಿಂದ ಫೋನ್ ಮಾಡಿದಾಗ ಮೊದಲು ಅದನ್ನೇ ಹೇಳಿದೆ.

“ಹಿಂಡಿ ಇಟ್ಟಿದ್ಯಾ?”

“ಇಲ್ಲ, ಮರೆತೆ.”

“ಹೇಳಿದ್ನಲ್ಲ” ಅಂದಳು. ಆಮೇಲೆ ದನಿ ಬದಲಾಯಿತು. ಸಮುದ್ರದ ದಂಡೆಯಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲಿನವರೆಗೆ ನೀರಿಗೆ ಇಳಿದದ್ದನ್ನು ನಗುತ್ತಾ ಹೇಳತೊಡಗಿದಳು. ತುಂಬ ಹೊತ್ತು ಹೇಳಿದಳು. ಅಷ್ಟು ಹೊತ್ತೂ ಮನೆಯ ಸುದ್ದಿ ಕೇಳಲಿಲ್ಲ.

ಅವರು ಬಂದ ಮರುದಿನ ಆಚೆಮನೆ ಅತ್ತೆ ಮಜ್ಜಿಗೆಗೆ ಹೆಪ್ಪು ಕೇಳುವ ನೆಪದಲ್ಲಿ ಬಂದರು. ಕಟ್ಟೆ ಮೇಲೆ ಕೂತು, ಅದೂ ಇದೂ ಮಾತಾಡಿ, ಏಳುವಾಗ ನನ್ನ ಕಡೆ ತಿರುಗಿ ಕೇಳಿದರು.

“ಅಲ್ದೋ, ಮೇ ತಿಂಗಳಲ್ಲಿ ರಜೆ ಸಿಗ್ತದಾ ನಿಂಗೆ? ನಮ್ಮ ಮನೇಲೂ ಎರಡು ಎಮ್ಮೆ ಇದಾವೆ.”